ಹುಡುಗನಿಗೆ ಸ್ವಂತ ಮನೆ ಇದೆಯಾ?

ನಾನು ಓದಿದ ಡೇಟಿಂಗ್ ಪ್ರೊಫೈಲುಗಳಲ್ಲಿ ತುಂಬಾ ಪ್ರಾಮಾಣಿಕ ಅನ್ನಿಸಿದ್ದು ಒಂದು ಕಪ್ಪೆಯದು. ಹೆಸರು ರೋಮಿಯೋ. ವಿಳಾಸ, ಬೊಲಿವಿಯಾದ ಕೊಚಬಾಂಬ ಊರಿನ ಮ್ಯೂಸಿಯಮ್ಮಿನಲ್ಲಿ ಒಂದು ನೀರಿನ ತೊಟ್ಟಿ. ಕುಲ ಕೇಳಿದರೆ ಟೆಲ್ಮಟೋಬಿಯಸ್: ಆಂಡಿಸ್ ಪರ್ವತಗಳ ಹೊಳೆ, ಸರೋವರಗಳಲ್ಲಿ ಬಹುಪಾಲು ನೀರೊಳಗೇ ಬದುಕುವ ಕಪ್ಪೆಗಳು, ಸುಮಾರು 60 ಪ್ರಭೇದ.

ತನ್ನ ಪ್ರಭೇದದಲ್ಲಿ ರೋಮಿಯೋನೇ ಕೊನೆಯವನು ಅಂತ ಎಲ್ಲರೂ ಅಂದುಕೊಂಡಿದ್ದರು. ಹೆಣ್ಣಿಗಾಗಿ ವರ್ಷಗಟ್ಟಲೆ ಕೂಗಿದ. ಆಮೇಲೆ ಕೂಗೋದನ್ನೇ ಕಡಿಮೆ ಮಾಡಿದ. (ಮೂವತ್ನಾಲ್ಕು ವಯಸ್ಸಿಗೆ, ಒಂದು ಭಾನುವಾರ ಸಂಜೆ ಒಬ್ಬನೇ ಕೂತು ಈ ಸಾಲು ಓದಬಾರದು.) 2018ರ ಪ್ರೇಮಿಗಳ ದಿನಕ್ಕೆ ಮ್ಯಾಚ್ ಡಾಟ್ ಕಾಮ್‌ನಲ್ಲಿ ಅವನ ಪ್ರೊಫೈಲ್ ಬಂತು. 25,000 ಡಾಲರ್ ಕೂಡಿತು. ಆ ದುಡ್ಡಿನಲ್ಲಿ ಮಂಜು ಮುಸುಕಿದ ಕಾಡಿನ ತೊರೆಗಳನ್ನು ಜಾಲಾಡಿದರು. ವರ್ಷದ ಕೊನೆಗೆ ಐದು ಕಪ್ಪೆ ಸಿಕ್ಕವು. ಅವುಗಳಲ್ಲಿ ಒಬ್ಬಳು ಜೂಲಿಯೆಟ್.

ಆಫೀಸಿನಲ್ಲಿ ಹೇಳಿದರೆ ಎಲ್ಲರೂ 'ಸೋ ಕ್ಯೂಟ್' ಅಂದರು. ನನಗೆ ಗಂಡು-ಹೆಣ್ಣು ಜೋಡಿಸೋ ಕೆಲಸದಲ್ಲಿರೋ ಅಕ್ಕ ಮಾತ್ರ ಕೇಳಿದಳು, "ಹುಡುಗನಿಗೆ ಸ್ವಂತ ಮನೆ ಇದೆಯೇನೋ?"

ಅಕ್ಕನ ಪ್ರಶ್ನೆ ಸರಿಯಾಗೇ ಇತ್ತು. ಜೂಲಿಯೆಟ್ ಬಂದ ಕೂಡಲೇ ಅವನ ತೊಟ್ಟಿಗೆ ಬಿಡಲಿಲ್ಲ, ಮೊದಲು ಕ್ವಾರಂಟೈನ್. ಭಯ ಕಿಟ್ರಿಡ್ ಶಿಲೀಂಧ್ರದ್ದು. ಅದು ಚರ್ಮಕ್ಕೆ ಹತ್ತಿದರೆ ಮೈಯೊಳಗಿನ ಲವಣದ ಲೆಕ್ಕ ತಪ್ಪುತ್ತೆ, ಹೃದಯ ನಿಂತುಹೋಗುತ್ತೆ. ಹೊರಗಿಂದ ತಂದುಬಿಟ್ಟ ಟ್ರೌಟ್ ಮೀನು ಗೊದಮೊಟ್ಟೆಗಳನ್ನು ತಿಂದುಹಾಕುತ್ತೆ. ಈಕ್ವೆಡಾರ್‌ನಲ್ಲಿದ್ದ ಈ ಕುಲದ 3 ಪ್ರಭೇದಗಳು ಕಣ್ಣಿಗೆ ಬಿದ್ದು ದಶಕಗಳಾದವು.

ಟಿಟಿಕಾಕಾ ಸರೋವರದ ದಾಯಾದಿಯನ್ನಂತೂ ನೋಡಲೇಬೇಕು. 3,800 ಮೀಟರ್ ಎತ್ತರ, ಆಮ್ಲಜನಕ ಕಡಿಮೆ. ಉಸಿರಾಟವೆಲ್ಲ ಹೆಚ್ಚುಕಮ್ಮಿ ಚರ್ಮದಿಂದಲೇ. ಹಾಗಾಗಿ ಎರಡು ಸೈಜ್ ದೊಡ್ಡ ಜರ್ಕಿನ್ ಹಾಕಿಕೊಂಡಂತೆ ಮೈತುಂಬಾ ಜೋತುಬಿದ್ದ ಮಡಿಕೆಗಳು. ಕೊಳಕು ನೀರಾದರೆ ಆ ಚರ್ಮವೇ ಮುಳುವು. 2016ರಲ್ಲಿ ಸರೋವರ ಸೇರುವ ಕೊಆಟಾ ನದಿಯಲ್ಲಿ ಸುಮಾರು 10,000 ಕಪ್ಪೆಗಳು ಸತ್ತು ತೇಲಿದವು. ಶಕ್ತಿ ಬರುತ್ತೆ ಅಂತ ಇದೇ ಕಪ್ಪೆಯನ್ನು ಮಿಕ್ಸಿಗೆ ಹಾಕಿ ಜ್ಯೂಸ್ ಮಾಡಿ ಕುಡಿಯೋರೂ ಪೆರುವಿನಲ್ಲಿದ್ದಾರೆ.

ಚಿಲಿಯ ಕಲಾಮಾ ಊರಿನ ಹತ್ತಿರದ ಒಂದೇ ಒಂದು ತೊರೆಯಲ್ಲಿ ಇನ್ನೊಂದು ಪ್ರಭೇದವಿತ್ತು. 2019ರಲ್ಲಿ ಆ ತೊರೆ ಒಣಗಿ ಕೆಸರಾಗಿತ್ತು. ಉಳಿದಿದ್ದ 14 ಕಪ್ಪೆಗಳನ್ನು ಹಿಡಿದು ಸ್ಯಾಂಟಿಯಾಗೋ ಮೃಗಾಲಯಕ್ಕೆ ತಂದರು. ಮರುವರ್ಷ ಅಲ್ಲಿ ಮರಿಗಳಾದವು. ಜೋಡಿಗೆ ಅಲ್ಲಿ ಕೊರತೆ ಇರಲಿಲ್ಲ, ಕೊರತೆ ಇದ್ದದ್ದು ನೀರಿಗೆ.