ಮೆಲ್ಲನೆಯ ದಾರಿ

ಬೆಟ್ಟಕ್ಕೆ ಹೋಗುವವರಲ್ಲಿ ಎರಡು ಪಂಗಡ: ಶಿಖರಕ್ಕಾಗಿ ಹೋಗುವವರು, ದಾರಿಗಾಗಿ ಹೋಗುವವರು. ಮೊದಲನೆಯವರ ಭಾವಚಿತ್ರ ಪತ್ರಿಕೆಯಲ್ಲಿ ಅಚ್ಚಾಗುತ್ತದೆ. ಎರಡನೆಯವರು ಊರಿಗೆ ಮರಳಿ, ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತ, "ಈ ವಯಸ್ಸಿನಲ್ಲಿ ಇದೆಲ್ಲ ಬೇಕಿತ್ತೆ?" ಎಂದು ಮನೆಯವರಿಂದ ಕೇಳಿಸಿಕೊಳ್ಳುತ್ತಾರೆ. ನಾನು ಎರಡನೆಯ ಪಂಗಡಕ್ಕೆ ಸೇರಿದವನು. ಕನ್ನಡದ ಮೇಷ್ಟರಿಗೆ ಹಿಮಾಲಯದ ಮೊದಲ ಪರಿಚಯವಾಗುವುದು ಕಾವ್ಯದಲ್ಲಿ. ಅಲ್ಲಿ ಹತ್ತುವ ಕಷ್ಟವಿಲ್ಲ. ಈ ಪದ್ಯದಿಂದ ಮುಂದಿನ ಪದ್ಯಕ್ಕೆ ಹೋಗುವಷ್ಟರಲ್ಲಿ ಅರ್ಜುನ ಇಂದ್ರಕೀಲವನ್ನು ಏರಿಬಿಟ್ಟಿರುತ್ತಾನೆ. ನೆಲದ ಮೇಲಿನ ಹಿಮಾಲಯಕ್ಕೆ ಅಷ್ಟು ಅವಸರವಿಲ್ಲವೆಂದು ನನಗೆ ತಿಳಿದದ್ದು ಬೇಸಿಗೆಯ ರಜೆಗಳಲ್ಲಿ ಗಢವಾಲದ ಕಾಲುದಾರಿಗಳನ್ನು ತುಳಿದ ಮೇಲೆ.

ಗಢವಾಲದ ನಕ್ಷೆಯನ್ನು ಹರಡಿಕೊಂಡು ಕುಳಿತರೆ ಹಳೆಯ ಅಜ್ಜಿಯ ಅಂಗೈ ನೋಡಿದ ಹಾಗಾಗುತ್ತದೆ, ಅಷ್ಟು ಗೆರೆಗಳು. ಯಮುನೋತ್ರಿ, ಗಂಗೋತ್ರಿ, ಕೇದಾರ, ಬದರಿಗಳನ್ನು ಒಂದಕ್ಕೊಂದು ಹೊಲಿದಂತಿರುವ ಯಾತ್ರಿಕರ ದಾರಿ ಒಂದು. ಗಂಗೋತ್ರಿಯಿಂದ ಕೇದಾರಕ್ಕೆ ಹೋಗುವವರು ಹಿಂದೆ ಬೂಢಾ ಕೇದಾರ, ಪಂವಾಲಿಯ ಹುಲ್ಲುಗಾವಲು, ತ್ರಿಯುಗೀನಾರಾಯಣಗಳ ಮೇಲೆ ಗುಡ್ಡದಿಂದ ಗುಡ್ಡಕ್ಕೆ ನಡೆಯುತ್ತಿದ್ದರು. ಹಿಮ ಕರಗಿದಂತೆಲ್ಲ ಕುರಿಗಳ ಹಿಂದೆ ಮೇಲೇರಿ, ಚಳಿ ಬಂದಂತೆಲ್ಲ ಕೆಳಗಿಳಿಯುವ ಕುರುಬರ ದಾರಿ ಮತ್ತೊಂದು. ಮಾಣಾ, ನೀತಿ ಕಣಿವೆಗಳ ಭೋಟಿಯಾ ವರ್ತಕರು ಕುರಿ ಮೇಕೆಗಳ ಬೆನ್ನಿಗೆ ಪುಟ್ಟ ಪುಟ್ಟ ಚೀಲ ಕಟ್ಟಿ, ಧಾನ್ಯ ಒಯ್ದು ಉಪ್ಪು ಉಣ್ಣೆ ತರುತ್ತಿದ್ದ ಟಿಬೆಟ್ಟಿನ ದಾರಿ ಇನ್ನೊಂದು. 1962ರ ಯುದ್ಧದೊಂದಿಗೆ ಆ ವ್ಯಾಪಾರ ನಿಂತಿತು. ಈ ಯಾವ ದಾರಿಗೂ ಇಂಥವನೇ ಮಾಡಿದನೆಂಬ ಕಲ್ಲುಬರಹವಿಲ್ಲ. ಕಾಲುಗಳೇ ಅವನ್ನು ಮಾಡಿದುವು.

ಪರ್ವತಾರೋಹಿಗಳು ಬಂದದ್ದು ಆಮೇಲೆ. 1931ರಲ್ಲಿ ಫ್ರಾಂಕ್ ಸ್ಮೈತನ ತಂಡ 7,756 ಮೀಟರ್ ಎತ್ತರದ ಕಾಮೆಟ್ ಶಿಖರವನ್ನು ಹತ್ತಿತು. ಇಳಿದು ಬರುವಾಗ ಹೊಕ್ಕ ಭ್ಯೂಂಡಾರ್ ಕಣಿವೆಗೆ 'ಹೂವಿನ ಕಣಿವೆ' ಎಂಬ ಹೆಸರು ಜಗತ್ತಿನಲ್ಲೆಲ್ಲ ಹರಡಿತು. ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಆ ಹೂವುಗಳು ಮೊದಲೇ ಗೊತ್ತಿದ್ದುವು. ಸಾಹಸಿಗಳನ್ನು ಹಗುರಮಾಡಲು ಇದನ್ನು ಹೇಳುತ್ತಿಲ್ಲ. ಹಳೆಯ ದಾರಿ ಮುಗಿದ ಕಡೆ ಅವರ ಸಾಹಸ ಆರಂಭವಾಗುತ್ತದೆ, ಅಲ್ಲಿಯವರೆಗೆ ಅವರೂ ಯಾರೋ ಸವೆಸಿದ ದಾರಿಯಲ್ಲೇ ನಡೆಯಬೇಕು ಎಂಬುದಷ್ಟೇ ನನ್ನ ಮಾತು.

ಇದಕ್ಕೆ ಒಂದು ಸೊಗಸಾದ ಉದಾಹರಣೆಯುಂಟು. ಬದರಿ ಕೇದಾರಗಳೆರಡಕ್ಕೂ ಹಿಂದೆ ಒಬ್ಬನೇ ಅರ್ಚಕನಿದ್ದನಂತೆ, ಒಂದೇ ದಿನದಲ್ಲಿ ಎರಡೂ ಕಡೆ ಪೂಜೆ ಮಾಡುತ್ತಿದ್ದನಂತೆ ಎಂದು ಆ ಕಡೆ ಐತಿಹ್ಯ. ವಾಹನದ ರಸ್ತೆಯಲ್ಲಿ ಇಂದು ಇನ್ನೂರು ಕಿಲೋಮೀಟರಿಗೂ ಹೆಚ್ಚಿನ ಸುತ್ತು. ನಡುವೆ ನಿಂತಿರುವುದು ಹಿಮದ ಗೋಡೆ. 1934ರಲ್ಲಿ ಎರಿಕ್ ಶಿಪ್ಟನ್, ಬಿಲ್ ಟಿಲ್ಮನ್ ಎಂಬ ಇಬ್ಬರು ಆಂಗ್ಲರು ಮೂವರು ಶೆರ್ಪಾಗಳೊಂದಿಗೆ ಈ ಗೋಡೆಯನ್ನು ದಾಟಿಯೇ ನೋಡೋಣವೆಂದು ಬದರಿಯ ಕಡೆಯಿಂದ ಹೊರಟರು. ನಂದಾದೇವಿಯ ಸುತ್ತಣ ದುರ್ಗಮ ಕೋಟೆಯೊಳಕ್ಕೆ ಋಷಿಗಂಗೆಯ ಕಮರಿಯ ಮೂಲಕ ದಾರಿ ಕಂಡುಹಿಡಿದದ್ದೂ ಅದೇ ವರ್ಷ, ಅದೇ ಜೋಡಿ. ಹಿಮದ ಕಣಿವೆಯನ್ನು ದಾಟಿ ಆಚೆ ಇಳಿದರೆ ಎದುರಾದದ್ದು ಬಿದಿರು ಮುಳ್ಳುಗಳ ದಟ್ಟ ಕಾಡು. ಕೆಲವು ಗಜ ಮುಂದುವರಿಯಲೂ ಹೆಣಗಾಟ. ತಂದ ಆಹಾರ ತೀರಿತು. ಎಳೆಯ ಕಳಲೆಯನ್ನು ಬೇಯಿಸಿ ತಿಂದರು. ದಿನಗಟ್ಟಲೆ ಒದ್ದಾಡಿ ಮನುಷ್ಯರಿರುವ ಕಡೆ ಬಂದು ಸೇರಿದರು. ಹಿಮಾಲಯವನ್ನು ಬಲ್ಲ ಅಂಥವರೂ ಅರ್ಚಕನ ದಾರಿಯನ್ನು ಕಾಣಲಿಲ್ಲ. ಒಂದು ಪಕ್ಷ ಅಂಥ ದಾರಿ ಇದ್ದಿದ್ದರೂ, ನಡೆಯುವವರಿಲ್ಲದೆ ಕಾಡು ಅದನ್ನು ನುಂಗಿ ಎಷ್ಟೋ ಕಾಲವಾಗಿರಬೇಕು.

ಕೇದಾರದ ಹೆಸರು ಕೇಳಿದರೆ ಕನ್ನಡಿಗರ ಕಿವಿ ನೆಟ್ಟಗಾಗಲು ಕಾರಣವಿದೆ. ವೀರಶೈವರ ಪಂಚಪೀಠಗಳಲ್ಲಿ ಕೇದಾರದ್ದೂ ಒಂದು. ನಮ್ಮ ಬಾಳೆಹೊನ್ನೂರು, ಉಜ್ಜಯಿನಿಗಳ ಸಾಲಿಗೆ ಸೇರಿದ್ದು. ಅಲ್ಲಿಯ ರಾವಲರು ವೀರಶೈವ ಪರಂಪರೆಯವರು. ಚಳಿಗಾಲದಲ್ಲಿ ದೇವರ ಉತ್ಸವಮೂರ್ತಿ ಇಳಿದು ಬಂದು ನೆಲಸುವ ಊಖೀಮಠವೇ ಅವರ ಪೀಠ. ಗುಡಿಯ ಪೂಜೆಗೆ ಕನ್ನಡನಾಡಿನ ಕಡೆಯ ಜಂಗಮರು ಹೋಗುವ ರೂಢಿ ಬಹುಕಾಲದ್ದು. ರೈಲಿಲ್ಲದ ಕಾಲದಲ್ಲಿ ತುಂಗಭದ್ರೆಯ ದಡದಿಂದ ಮಂದಾಕಿನಿಯ ದಡಕ್ಕೆ ಜೋಳಿಗೆ ಹೊತ್ತು ನಡೆದ ಜಂಗಮನನ್ನು ಊಹಿಸಿಕೊಳ್ಳಿ. ಅವನಿಗೆ ಪರ್ವತಾರೋಹಣದ ಶಾಸ್ತ್ರ ಗೊತ್ತಿರಲಿಲ್ಲ. ಆದರೆ ಶಾಸ್ತ್ರ ಇಂದು ಹೇಳುವುದನ್ನೆಲ್ಲ ಅವನ ಕಾಲು ತಾನಾಗಿ ಪಾಲಿಸುತ್ತಿತ್ತು.

ಶಾಸ್ತ್ರ ಹೇಳುವುದು ಬಹಳವಿಲ್ಲ. ಕೇದಾರವಿರುವುದು ಸುಮಾರು 11,750 ಅಡಿ ಎತ್ತರದಲ್ಲಿ. ಅಲ್ಲಿ ಒಂದು ಉಸಿರಿಗೆ ದಕ್ಕುವ ಪ್ರಾಣವಾಯು ಸಮುದ್ರಮಟ್ಟದಲ್ಲಿ ದಕ್ಕುವುದರ ಸುಮಾರು ಮೂರರಲ್ಲಿ ಎರಡು ಪಾಲು. ದೇಹ ಇದಕ್ಕೆ ಒಗ್ಗಿಕೊಳ್ಳಬಲ್ಲದು, ಆದರೆ ವ್ಯವಧಾನ ಬೇಡುತ್ತದೆ. ಹತ್ತು ಸಾವಿರ ಅಡಿ ದಾಟಿದ ಮೇಲೆ, ಇಂದು ಮಲಗುವ ಜಾಗ ನಿನ್ನೆ ಮಲಗಿದ್ದಕ್ಕಿಂತ 1,600 ಅಡಿಗೂ ಹೆಚ್ಚು ಮೇಲಿರಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ನಿಲ್ಲಬೇಕು. ಅವಸರ ಮಾಡಿದವನಿಗೆ ತಲೆನೋವು, ವಾಕರಿಕೆ, ನಿದ್ದೆಗೇಡು. ಇವನ್ನೂ ಲೆಕ್ಕಿಸದೆ ಏರಿದವನಿಗೆ ಶ್ವಾಸಕೋಶದಲ್ಲೋ ಮಿದುಳಿನಲ್ಲೋ ನೀರು ತುಂಬಿ ಪ್ರಾಣಕ್ಕೇ ಸಂಚಕಾರ. ಎಲ್ಲಕ್ಕಿಂತ ದೊಡ್ಡ ಮದ್ದೆಂದರೆ ಇಳಿಯುವುದು.

ಹೃಷೀಕೇಶದಿಂದ ನಡೆದೇ ಹೊರಡುತ್ತಿದ್ದ ಹಳೆಯ ಯಾತ್ರಿಕನಿಗೆ ಕೇದಾರ ಸೇರುವಷ್ಟರಲ್ಲಿ ಎಷ್ಟೋ ರಾತ್ರಿಗಳು ಕಳೆದಿರುತ್ತಿದ್ದುವು. ಕೆಲವು ಮೈಲಿಗೊಂದು ಚಟ್ಟಿ. ಚಟ್ಟಿಯೆಂದರೆ ಹುಲ್ಲಿನದೋ ಕಲ್ಲುಚಪ್ಪಡಿಯದೋ ಸೂರು, ಪಕ್ಕದಲ್ಲಿ ಒಂದು ಅಂಗಡಿ. ಹಿಟ್ಟು ಬೇಳೆ ಕೊಂಡವರಿಗೆ ಅಂಗಡಿಯವನೇ ಪಾತ್ರೆ ಕೊಡುತ್ತಿದ್ದ. ಮಲಗುವ ಜಾಗಕ್ಕೆ ಬಾಡಿಗೆಯಿಲ್ಲ. ಕಾಲಿ ಕಮಲಿವಾಲಾ ಬಾಬಾರ ಹೆಸರಿನ ಧರ್ಮಶಾಲೆಗಳು ನಡುನಡುವೆ. ಹೊರೆ ಇಳಿಸು, ರೊಟ್ಟಿ ಬೇಯಿಸು, ಮಲಗು, ಮುಂಜಾನೆ ಮತ್ತೆ ಏಳು. ಇದನ್ನು ಬಡತನದ ಪ್ರಯಾಣವೆಂದು ನಾವು ತಿಳಿದೆವು. ವೈದ್ಯ ಬರೆದುಕೊಟ್ಟಂಥ ಪಥ್ಯವೂ ಅದೇ ಆಗಿತ್ತು. 1953ರ ಎವರೆಸ್ಟ್ ತಂಡ ಕೂಡ ಕಠ್ಮಂಡುವಿನ ಕಣಿವೆಯಿಂದ ತ್ಯಾಂಗ್‌ಬೋಚೆಯ ವಿಹಾರಕ್ಕೆ ಎರಡು ವಾರಕ್ಕೂ ಮೀರಿ ನಡೆದೇ ಹೋಗಿತ್ತು. ಏರುವ ಸಿದ್ಧತೆಯ ಮೊದಲ ಭಾಗ ಆ ನಡಿಗೆಯೇ.

ಗೌರೀಕುಂಡದಿಂದ ನಾನು ಕೇದಾರಕ್ಕೆ ಹತ್ತಿದಾಗ ಜೊತೆಗಿದ್ದವರು ನಮ್ಮ ಕಾಲೇಜಿನ ಭೌತಶಾಸ್ತ್ರದ ಸಹೋದ್ಯೋಗಿ. ಗೌರೀಕುಂಡ ಸುಮಾರು 6,500 ಅಡಿ. ಹದಿನಾರು ಕಿಲೋಮೀಟರಿನಲ್ಲಿ ಐದು ಸಾವಿರ ಅಡಿಗೂ ಮಿಕ್ಕಿದ ಏರು. ನಮ್ಮ ಚೀಲಗಳನ್ನು ಬೆನ್ನಬುಟ್ಟಿಯಲ್ಲಿ ಹೊತ್ತವನು ನೇಪಾಳದಿಂದ ಕೂಲಿಗೆ ಬಂದ ನಡುವಯಸ್ಸಿನ ಮನುಷ್ಯ. ಬುಟ್ಟಿಯ ಪಟ್ಟಿಯನ್ನು ಹಣೆಗೆ ಬಿಗಿದು, ನೆಲ ನೋಡುತ್ತ, ನಮ್ಮಿಬ್ಬರಿಗಿಂತ ನಿಧಾನವಾಗಿ ನಡೆಯುತ್ತಿದ್ದ; ಆದರೆ ಪ್ರತಿ ತಿರುವಿನಲ್ಲೂ ನಮಗಿಂತ ಮೊದಲು ಅವನೇ ಇರುತ್ತಿದ್ದ. ನಮ್ಮ ಸಹೋದ್ಯೋಗಿಗಳು ವಾಯುಭಾರದ ವಿಚಾರವನ್ನು ನನಗೆ ಬಿಡಿಸಿ ಹೇಳುತ್ತ ಹತ್ತಿದರು. ಲಿಂಚೋಲಿ ದಾಟಿದ ಮೇಲೆ ವಿವರಣೆ ನಿಂತಿತು. ಹಣೆ ಹಿಡಿದುಕೊಂಡು ಕಲ್ಲಿನ ಮೇಲೆ ಕುಳಿತರು. "ಇನ್ನೇನು ಬಂದೇಬಿಟ್ಟಿತಲ್ಲ ಸ್ವಾಮಿ" ಎಂದೆ. ಹೊರೆಯಾಳು ಬುಟ್ಟಿ ಇಳಿಸಿ ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ. "ಇವತ್ತು ಬೇಡ ಬಾಬೂಜಿ. ಲಿಂಚೋಲಿಗೆ ಇಳಿಯೋಣ. ದೇವರು ನಾಳೆಯೂ ಅಲ್ಲೇ ಇರುತ್ತಾನೆ" ಎಂದು ತನ್ನ ಹಿಂದಿಯಲ್ಲಿ ಹೇಳಿದ. ಇಳಿದೆವು. ಡೇರೆಯಲ್ಲಿ ಬಿಸಿ ನೀರು ಕುಡಿದು ಮಲಗಿದೆವು. ಬೆಳಗಿನ ಹೊತ್ತಿಗೆ ಅವರ ತಲೆನೋವು ಬಿಟ್ಟಿತ್ತು. ಮತ್ತೆ ಏರುವಾಗ ನಮ್ಮ ಕಾಲು ಚುರುಕಾದಾಗಲೆಲ್ಲ ಅವನು ತಿರುಗದೆಯೇ, "ಬಿಸ್ತಾರೈ, ಬಿಸ್ತಾರೈ" ಎನ್ನುತ್ತಿದ್ದ. ಮೆಲ್ಲಗೆ, ಮೆಲ್ಲಗೆ ಎಂದು ಅದರ ಅರ್ಥ. ಸಹೋದ್ಯೋಗಿಗಳು ಗುಡಿಯ ಮುಂದೆ ನಿಂತು, "ನನ್ನ ಪಾಠವನ್ನು ಇವನು ಒಂದೇ ಮಾತಿನಲ್ಲಿ ಮುಗಿಸಿದ ನೋಡಿ" ಎಂದರು.

ಇಳಿದು ಬರುವ ಆ ವಿವೇಕವನ್ನು ನಾನು ಮತ್ತೆ ನೆನೆದದ್ದು ಬದರಿಯ ಆಚೆಯ ಮಾಣಾ ಹಳ್ಳಿಯಲ್ಲಿ. ಪಾಂಡವರು ಸ್ವರ್ಗಾರೋಹಣಕ್ಕೆ ಹೋದ ದಾರಿ ಇದೇ ಎಂದು ಅಲ್ಲಿಯವರು ತೋರಿಸುತ್ತಾರೆ. ಸರಸ್ವತಿಯ ಭೋರ್ಗರೆವ ಕಮರಿಗೆ ಅಡ್ಡಲಾಗಿ ಭಾರಿ ಬಂಡೆಯೊಂದಿದೆ. ದ್ರೌಪದಿ ದಾಟಲೆಂದು ಭೀಮ ಇಟ್ಟ ಸೇತುವೆಯಂತೆ. ಆಚೆ ದ್ರೌಪದಿ ಬಿದ್ದಳು. ಆಮೇಲೆ ಸಹದೇವ, ನಕುಲ, ಅರ್ಜುನ, ಕಡೆಗೆ ಭೀಮ. ಒಬ್ಬೊಬ್ಬರು ಬಿದ್ದಾಗಲೂ ಧರ್ಮರಾಯ ಅವರವರ ದೋಷವನ್ನು ಹೇಳಿ, ಹಿಂದಿರುಗಿ ನೋಡದೆ ನಡೆದ. ತರಗತಿಯಲ್ಲಿ ಈ ಭಾಗ ಹೇಳುವಾಗ ನನಗೆ ಎಂದೂ ಏನೂ ಅನ್ನಿಸಿರಲಿಲ್ಲ. ಅದು ದೇಹವನ್ನು ಬಿಟ್ಟು ಹೋಗುವವರ ದಾರಿ, ಅದರ ಧರ್ಮ ಬೇರೆ. ದೇಹವನ್ನು ಹೊತ್ತು ಹೋಗಿ ಹೊತ್ತೇ ಮರಳಬೇಕಾದವರ ಧರ್ಮ ಇದಕ್ಕೆ ತಿರುಗುಮುರುಗು. ಇಲ್ಲಿ ಒಬ್ಬನ ತಲೆ ನೊಂದರೆ ಎಲ್ಲರೂ ನಿಲ್ಲಬೇಕು. ಒಬ್ಬ ಬಿದ್ದರೆ ಎಲ್ಲರೂ ಇಳಿಯಬೇಕು. ಧರ್ಮರಾಯನೂ ಕಡೆಯಲ್ಲಿ, ಜೊತೆಗೆ ಬಂದ ನಾಯಿಯನ್ನು ಬಿಟ್ಟು ವಿಮಾನ ಹತ್ತಲಾರೆನೆಂದನಲ್ಲವೆ? ಬೆಟ್ಟದ ದಾರಿಯವರಿಗೆ ಆ ಮಾತು ಸಾಕು.

ದಾರಿಗಳಿಗೂ ಮರಣವುಂಟು. 2013ರ ಜೂನ್ 16, 17ರಂದು ಮಳೆ ಸುರಿದು, ಚೋರಾಬಾರಿ ಸರೋವರ ಒಡೆದು, ಮಂದಾಕಿನಿ ಕೇದಾರದ ಮೇಲೆ ಬಂದಾಗ ಸಾವಿರಾರು ಜನ ಸತ್ತರು. ನಡುದಾರಿಯ ತಂಗುದಾಣವಾಗಿದ್ದ ರಾಮಬಾಡಾ ಹೇಳಹೆಸರಿಲ್ಲದಂತೆ ಹೋಯಿತು; ಅಲ್ಲಿಂದ ಮೇಲಿನ ಹಳೆಯ ದಾರಿಯೂ ಹೋಯಿತು. ನಾವು ತುಳಿದದ್ದು ಆಮೇಲೆ ಹೊಳೆಯ ಆಚೆ ದಡದಲ್ಲಿ ಕಡಿದ ಹೊಸ ದಾರಿ. ಅದನ್ನು ಮಾಡುವುದರಲ್ಲಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯವರೂ ದುಡಿದರು. ಶಿಖರ ಹತ್ತುವುದನ್ನು ಕಲಿಸಲೆಂದು 1965ರಲ್ಲಿ ಹುಟ್ಟಿದ ಸಂಸ್ಥೆ ಯಾತ್ರಿಕರ ಕಾಲುದಾರಿಗಾಗಿ ಬಂಡೆ ಒಡೆಸಿತು. ಶಿಖರದವರು ದಾರಿಯವರ ಸಾಲ ತೀರಿಸಿದರೆಂದು ನಾನು ತಿಳಿದುಕೊಂಡಿದ್ದೇನೆ.

ಈಗ ಮೂರನೆಯ ದಾರಿಯೊಂದು ಬರಲಿದೆ, ಗಾಳಿಯಲ್ಲಿ. ಸೋನಪ್ರಯಾಗದಿಂದ ಕೇದಾರಕ್ಕೆ 12.9 ಕಿಲೋಮೀಟರ್ ಉದ್ದದ ರೋಪ್‌ವೇಗೆ 2025ರ ಮಾರ್ಚಿಯಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಎಂಟು ಒಂಬತ್ತು ಗಂಟೆಯ ಪಯಣ 36 ನಿಮಿಷಕ್ಕೆ ಇಳಿಯುತ್ತದಂತೆ. ಹೆಲಿಕಾಪ್ಟರು ಈಗಾಗಲೇ ಇದಕ್ಕಿಂತ ಬೇಗ ತಲುಪಿಸುತ್ತದೆ. ಇದನ್ನು ಹಳಿಯುವುದು ನನ್ನಿಂದಾಗದು. ನಮ್ಮ ಅಮ್ಮನಿಗೆ ಎಪ್ಪತ್ತು ದಾಟಿದೆ. ಮೆಟ್ಟಿಲು ಹತ್ತಲು ಗೋಡೆ ಹಿಡಿಯುತ್ತಾಳೆ. ಕೇದಾರ ನೋಡಬೇಕೆಂದು ಬಹಳ ದಿನದ ಆಸೆ. ನನ್ನ ಮೊಣಕಾಲಿನ ಅಭಿಮಾನಕ್ಕಾಗಿ ಅವಳ ಆಸೆಗೆ ಅಡ್ಡ ನಿಲ್ಲಲೆ? ತಂತಿಯ ತೊಟ್ಟಿಲಲ್ಲಿ ಅವಳನ್ನು ಕೂರಿಸಿಕೊಂಡು ಹೋಗುತ್ತೇನೆ. ಆದರೆ ಅದಕ್ಕೂ ಮೊದಲು ಕೆಳಗೆ ಒಂದೆರಡು ರಾತ್ರಿ ತಂಗಿಸಿ, ದರ್ಶನವಾದೊಡನೆ ಅಂದೇ ಇಳಿಸಿಕೊಂಡು ಬರುತ್ತೇನೆ. ತೊಟ್ಟಿಲು ಎತ್ತರವನ್ನು ಕೊಡುತ್ತದೆ, ಎತ್ತರವನ್ನು ತಾಳುವ ಶಕ್ತಿಯನ್ನು ಕೊಡಲಾರದು. "ಇವತ್ತು ಬೇಡ ಬಾಬೂಜಿ" ಎನ್ನುವವನು ಅದರಲ್ಲಿ ಇರುವುದಿಲ್ಲ. ನಮ್ಮ ಮುಖ ನೋಡಿ ನಮ್ಮ ಸ್ಥಿತಿ ಹೇಳಬಲ್ಲ ಮನುಷ್ಯನಿಗೂ ನಮಗೂ ನಡುವೆ ಗಾಜು ಬಂದಿರುತ್ತದೆ.

ನನ್ನ ಭಯ ತಂತಿಯದ್ದಲ್ಲ, ಕೆಳಗಿನ ಕಾಲುದಾರಿಯದು. ಶಕ್ತರೂ ತೊಟ್ಟಿಲಿಗೇ ಸಾಲು ನಿಂತರೆ ದಾರಿಯ ಚಹದ ಒಲೆ ಆರುತ್ತದೆ. ಒಲೆ ಆರಿದ ಕಡೆ ಯಾರೂ ತಂಗುವುದಿಲ್ಲ. ತಂಗದ ದಾರಿಗೆ ಎರಡು ಮಳೆಗಾಲದ ಜಾರುಮಣ್ಣು ಸಾಕು. ಪಂವಾಲಿಯ ದಾರಿಯಲ್ಲಿ ಯಾತ್ರಿಕರ ಸಾಲು ಕಣ್ಮರೆಯಾಯಿತು. ಕುರುಬರೂ ಚಾರಣಿಗರೂ ತುಳಿಯುತ್ತಿರುವುದರಿಂದ ದಾರಿಯಾದರೂ ಉಳಿದುಕೊಂಡಿದೆ. ಆದ್ದರಿಂದ ಕಾಲಿರುವವರಲ್ಲಿ ನನ್ನದೊಂದು ಅರಿಕೆ: ಒಂದು ದಿನದ ರಜೆ ಹೆಚ್ಚು ಹಾಕಿ, ನಡೆಯಿರಿ.

ಪ್ರಯಾಣ ಮಾಡುವುದಕ್ಕೆ ಕನ್ನಡದಲ್ಲಿ 'ದಾರಿ ಸವೆಸುವುದು' ಎನ್ನುತ್ತೇವೆ. ಬಟ್ಟೆ ಸವೆದರೆ ಹರಿಯುತ್ತದೆ, ಚಪ್ಪಲಿ ಸವೆದರೆ ತೂತು ಬೀಳುತ್ತದೆ, ಮೊಣಕಾಲು ಸವೆದರೆ ವೈದ್ಯರ ಬಳಿ ಓಡಬೇಕು. ಸವೆದಷ್ಟೂ ಬಾಳುವ ವಸ್ತು ದಾರಿಯೊಂದೇ.