ಮಾವನ ಪಿಕಪ್ಪು ಮತ್ತು ಒಂದು ‘ಟಣಕ್’

ಅನುಕರಣಾವ್ಯಯ ಅಂತ ಹೈಸ್ಕೂಲಿನ ವ್ಯಾಕರಣದಲ್ಲಿ ಓದಿದ್ದು ನೆನಪಿದೆಯಾ? ಪಟಪಟ, ದಬದಬ, ಚಟಚಟ... ಪರೀಕ್ಷೆಯಲ್ಲಿ ಬರೆದು ಮರೆತೇಬಿಟ್ಟಿದ್ದ ಆ ಪದಗಳು ಕಳೆದ ತಿಂಗಳು ನನ್ನ ಸೋದರಮಾವನ ದುಡ್ಡು ಉಳಿಸಿದವು. ಹೇಗೆ ಅಂತ ಹೇಳ್ತೀನಿ. ಸ್ವಲ್ಪ ಗ್ರೀಸಿನ ವಾಸನೆ ಇರೋ ಬರಹ ಇದು, ಸಹಿಸಿಕೊಳ್ಳಿ :)

ಮಾವ ಇರೋದು ತಿಪಟೂರಿನ ಹತ್ತಿರದ ಒಂದು ಹಳ್ಳೀಲಿ. ಅವರ ಹತ್ತಿರ ಒಂದು ಪಿಕಪ್ಪು ಇದೆ. ಕೊಬ್ಬರಿ ಮೂಟೆ, ಎಳನೀರು, ಮದುವೆ ಮನೆಯ ಶಾಮಿಯಾನ, ಯಾವುದು ಸಿಕ್ಕರೆ ಅದು. ಸಾಲದ ಕಂತು ಇನ್ನೂ 11 ಬಾಕಿ ಇದೆ. ಮನೆ ನಡೆಯೋದೇ ಆ ಗಾಡಿಯಿಂದ.

ಕೆಲವು ವಾರಗಳಿಂದ ಗಾಡಿಯ ಕೆಳಗೆ ಎಲ್ಲೋ ಒಂದು ಸದ್ದು. ಗ್ಯಾರೇಜಿಗೆ ಒಯ್ದರು. “ಎಲ್ಲಿಂದ ಬರುತ್ತೆ?” ಅಂತ ಕೇಳಿದ್ದಕ್ಕೆ ಮಾವನಿಗೆ ಹೇಳೋಕಾಗಲಿಲ್ಲ. ಚಿಕ್ಕಂದಿನಿಂದ ಅವರ ಎಡಗಿವಿ ಮಂದ. ಅಲ್ಲಿದ್ದವರೊಬ್ಬರು “ನಿಮಗೆ ಕಿವೀನೇ ಕೇಳಲ್ಲ, ಇನ್ನು ಸದ್ದಿನ ವಿಷಯ ಏನು ಹೇಳ್ತೀರಾ ಬಿಡಿ” ಅಂತ ನಕ್ಕರಂತೆ. ಗಾಡಿಯನ್ನ ಎರಡು ನಿಮಿಷ ಓಡಿಸಿ ನೋಡಿ, ಗೇರ್‌ಬಾಕ್ಸೂ ಬಿಚ್ಚಬೇಕು, ಹಿಂದಿನ ಕ್ರೌನೂ ಬಿಚ್ಚಬೇಕು, 40,000 ರೂಪಾಯಿ, ಐದು ದಿನ ಗಾಡಿ ಬಿಟ್ಟು ಹೋಗಿ ಅಂದರಂತೆ. ಮಾವ ಮನೆಗೆ ಬಂದು ಊಟ ಮಾಡದೆ ಕೂತು, ಗಾಡಿ ಮಾರಿಬಿಡ್ತೀನಿ ಅಂದರು. ಅತ್ತೆ ರಾತ್ರಿ ನನಗೆ ಫೋನ್ ಮಾಡಿದರು. “ನೀನು ಮೆಕ್ಯಾನಿಕಲ್ಲೇ ಓದಿದ್ದಲ್ವೇನೋ?”

ಹೌದು, ಮೆಕ್ಯಾನಿಕಲ್ ಡಿಗ್ರಿ ತಗೊಂಡು ಸಾಫ್ಟ್‌ವೇರಿಗೆ ಬಿದ್ದವರ ದೊಡ್ಡ ಪಂಗಡದಲ್ಲಿ ನಾನೂ ಒಬ್ಬ. ಡಿಗ್ರಿ ಸರ್ಟಿಫಿಕೇಟಿಗೆ ಅವತ್ತು ಮೊದಲ ಸಲ ಒಂದು ಕೆಲಸ ಸಿಕ್ಕಿತು.

ಮಾವನ ಕಿವಿಯ ಬಗ್ಗೆ ಒಂದು ಮಾತು. ಸದ್ದು ಯಾವ ದಿಕ್ಕಿನದು ಅಂತ ನಮಗೆ ಗೊತ್ತಾಗೋದು ಎರಡು ಕಿವಿಗೂ ಅದು ತಲುಪೋ ಹೊತ್ತಿನಲ್ಲಿ, ಜೋರಿನಲ್ಲಿ ಇರೋ ಸಣ್ಣ ವ್ಯತ್ಯಾಸದಿಂದ. ಒಂದು ಕಿವಿ ಮಂದವಾದರೆ ದಿಕ್ಕು ತಪ್ಪುತ್ತೆ, ನಿಜ. ಆದರೆ ಪಿಕಪ್ಪಿನ ಕೆಳಗೆ ಎರಡು ಕಿವಿ ಇದ್ದವರಿಗೂ ಅದೇ ಪಾಡು. ಮುಂದಿನಿಂದ ಹಿಂದಿನವರೆಗೆ ಏಣಿಯ ಹಾಗೆ ಉಕ್ಕಿನ ಚಾಸಿ. ಗಾಳಿಗಿಂತ ಉಕ್ಕಿನಲ್ಲಿ ಸದ್ದು ಸುಮಾರು 15 ಪಟ್ಟು ವೇಗವಾಗಿ ಹೋಗುತ್ತೆ. ನಡುವೆ ಹೊಡೆದ ಪೆಟ್ಟು ಸೀಟಿನ ಕೆಳಗೂ ಕೇಳುತ್ತೆ, ಹಿಂದಿನ ಆಕ್ಸಲ್ಲಿನಲ್ಲೂ ಕೇಳುತ್ತೆ. ಹಾಗಾಗಿ ‘ಎಲ್ಲಿಂದ’ ಅನ್ನೋ ಪ್ರಶ್ನೆಗೆ ಯಾರ ಕಿವಿಯನ್ನೂ ನಂಬೋ ಹಾಗಿಲ್ಲ. ‘ಯಾವಾಗ’ ಅನ್ನೋದಕ್ಕೆ ಮಾತ್ರ ಒಂದೇ ಕಿವಿ ಸಾಕು. ಅದನ್ನ ಮಾವನನ್ನ ಯಾರೂ ಕೇಳಿರಲಿಲ್ಲ.

ನಾನು ಫೋನಿನಲ್ಲೇ ಶುರು ಮಾಡಿದೆ. ಸದ್ದು ಹೇಗಿದೆ ಮಾವ?

“ಟಣಕ್ ಅನ್ನುತ್ತೆ. ಒಂದೇ ಸಲ.”

ಟಕಟಕಟಕ ಅಲ್ಲವಾ?

“ಅಲ್ಲಪ್ಪಾ, ಟಕಟಕ ಆಗಿದ್ರೆ ಟಕಟಕ ಅಂತಿದ್ದೆ.”

ಇಲ್ಲೇ ನೋಡಿ ಅರ್ಧ ಕೆಲಸ ಮುಗಿದದ್ದು! ಟಕಟಕ ಅಂದರೆ ಏನೋ ಒಂದು ತಿರುಗುತ್ತಾ ಪ್ರತಿ ಸುತ್ತಿಗೂ ಪೆಟ್ಟು ತಿನ್ನುತ್ತಿದೆ ಅಂತ. ಗುಂಯ್ ಅಂದರೆ ಬೇರಿಂಗೋ ಗೇರಿನ ಹಲ್ಲೋ ಸವೆದಿರಬಹುದು. ಒಂದೇ ಒಂದು ಟಣಕ್ ಅಂದರೆ ಯಾವುದೋ ಸಂದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿದು ಬಡಿಯುತ್ತಿದೆ ಅಂತ.

ನ್ಯೂಟ್ರಲ್ಲಿನಲ್ಲಿ ನಿಂತಾಗ ಬರುತ್ತಾ? ಇಲ್ಲ. ಒಂದನೇ ಗೇರು ಹಾಕಿ ಕ್ಲಚ್ಚು ಬಿಟ್ಟಾಗ? ಬರುತ್ತೆ. ರಿವರ್ಸಿನಲ್ಲಿ? ಬರುತ್ತೆ. ಒಂದೇ ಸಮ 50ರಲ್ಲಿ ಹೋಗುವಾಗ? ಇಲ್ಲ. ಆಕ್ಸಲರೇಟರ್ ಬಿಟ್ಟು ಮತ್ತೆ ಒತ್ತಿದರೆ? “ಹಾಂ, ಅವಾಗ ಖಂಡಿತ.” ಎಲ್ಲಾ ಗೇರಿನಲ್ಲೂನಾ? ಎಲ್ಲಾದರಲ್ಲೂ, ಕೆಳಗಿನ ಗೇರಿನಲ್ಲಿ ಜೋರು. ಬರೀ ಗುಂಡಿಗೆ ಇಳಿದರೆ? ಇಲ್ಲ. ಗಾಡಿ ಪೂರ್ತಿ ನಿಂತ ಮೇಲೆ ಹಿಂದಿನಿಂದ ಯಾರೋ ಗುದ್ದಿದ ಹಾಗೆ ಆಗುತ್ತಾ? ಇಲ್ಲ.

ಇಂಜಿನ್ನಿನಿಂದ ಚಕ್ರದವರೆಗೆ ಶಕ್ತಿ ಹೋಗೋದು ಒಂದು ಸರಪಳಿಯಲ್ಲಿ: ಕ್ಲಚ್ಚು, ಗೇರ್‌ಬಾಕ್ಸು, ಪ್ರೊಪೆಲ್ಲರ್ ಶಾಫ್ಟು, ಡಿಫರೆನ್ಷಿಯಲ್, ಆಕ್ಸಲ್. ಪ್ರತಿ ಕೊಂಡಿಯಲ್ಲೂ ಕೂದಲೆಳೆಯಷ್ಟು ಪ್ಲೇ ಬೇಕೇ ಬೇಕು, ಇಲ್ಲದಿದ್ದರೆ ಎಣ್ಣೆಗೂ ಜಾಗ ಇರಲ್ಲ, ಬಿಸಿಗೆ ಹಿಗ್ಗೋಕೂ ಜಾಗ ಇರಲ್ಲ. ಆಕ್ಸಲರೇಟರ್ ಒತ್ತಿದಾಗ ಇಂಜಿನ್ನು ಚಕ್ರವನ್ನ ತಳ್ಳುತ್ತೆ, ಬಿಟ್ಟಾಗ ಚಕ್ರ ಇಂಜಿನ್ನನ್ನ ತಳ್ಳುತ್ತೆ. ಆ ಅದಲುಬದಲಿನ ಕ್ಷಣದಲ್ಲಿ ಎಲ್ಲಾ ಸಂದುಗಳೂ ಈ ಮಗ್ಗುಲಿಂದ ಆ ಮಗ್ಗುಲಿಗೆ ಹೊರಳುತ್ತವೆ. ಯಾವುದೋ ಒಂದು ಸಂದು ಅತಿಯಾದರೆ ಟಣಕ್. ಕೆಳಗಿನ ಗೇರಿನಲ್ಲಿ ಶಾಫ್ಟಿಗೆ ಬರೋ ತಿರುಚುವ ಬಲ ಜಾಸ್ತಿ, ಪೆಟ್ಟೂ ಜಾಸ್ತಿ.

ಎಲ್ಲಾ ಗೇರಿನಲ್ಲೂ ಬರುತ್ತೆ ಅಂದಮೇಲೆ ಗೇರ್‌ಬಾಕ್ಸಿನ ಯಾವುದೋ ಒಂದು ಗೇರಿನ ತಪ್ಪಲ್ಲ. ಗುಂಡಿಗೆ ಬರಲ್ಲ ಅಂದಮೇಲೆ ಪಟ್ಟಿ ಸ್ಪ್ರಿಂಗಿನ ಬುಷ್ಷುಗಳ ಮೇಲೆ ಅನುಮಾನ ಕಮ್ಮಿ. ನಿಂತ ಮೇಲೆ ಗುದ್ದಲ್ಲ ಅಂದರೆ ಶಾಫ್ಟಿನ ಜಾರುವ ತುದಿ ಒಣಗಿ ಹಿಡಿದುಕೊಳ್ತಿರೋ ಸಂಭವವೂ ಕಮ್ಮಿ. ಉಳಿದದ್ದರಲ್ಲಿ ಬಿಚ್ಚದೇ ಕೈಯಲ್ಲೇ ಮುಟ್ಟಿ ನೋಡಬಹುದಾದದ್ದು ಶಾಫ್ಟಿನ ಕ್ರಾಸುಗಳು. ಸುಲಭದ್ದು ಮೊದಲು, ಖರ್ಚಿನದ್ದು ಕೊನೆಗೆ.

ಶನಿವಾರ ಬೆಳಿಗ್ಗೆ ಊರಿಗೆ ಹೋದೆ. ಸಮತಟ್ಟಾದ ಅಂಗಳದಲ್ಲಿ ಗಾಡಿ ನಿಲ್ಲಿಸಿ, ನಾಲ್ಕು ಚಕ್ರಕ್ಕೂ ಹಿಂದೆ ಮುಂದೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್ ಮಾಡಿ, ಕೀ ನನ್ನ ಜೇಬಿಗೆ ಹಾಕಿಕೊಂಡೆ. (ನೀವು ಯಾವತ್ತಾದರೂ ಗಾಡಿ ಕೆಳಗೆ ಹೋಗೋದಾದರೆ ಇಷ್ಟು ಮಾಡದೆ ಹೋಗಬೇಡಿ.) ಇಬ್ಬರೂ ಗೋಣಿಚೀಲ ಹಾಸಿಕೊಂಡು ಕೆಳಗೆ ತೂರಿದೆವು.

ಈ ಗಾಡಿಯಲ್ಲಿ ಶಾಫ್ಟು ಎರಡು ತುಂಡು, ನಡುವೆ ಒಂದು ಸೆಂಟರ್ ಬೇರಿಂಗು, ಒಟ್ಟು ಮೂರು ಕ್ರಾಸು. ಕ್ರಾಸು ಅಂದರೆ ಕೂಡಿಸುವ ಚಿಹ್ನೆಯ ಆಕಾರದ ಉಕ್ಕಿನ ತುಂಡು. ಅದರ ನಾಲ್ಕು ತುದಿಗೂ ಟೊಪ್ಪಿ, ಟೊಪ್ಪಿಯೊಳಗೆ ಸೂಜಿಯಂಥ ಸಣ್ಣ ಸರಳುಗಳು. ಪ್ರತಿ ಕ್ರಾಸಿನ ಎರಡೂ ಬದಿಯ ಕವಲುಗಳನ್ನ ಒಂದೊಂದು ಕೈಯಲ್ಲಿ ಹಿಡಿದು ಬಟ್ಟೆ ಹಿಂಡಿದ ಹಾಗೆ ತಿರುಚಿದೆ. ಮೊದಲನೆಯದು ಗಟ್ಟಿ. ಕೊನೆಯದೂ ಗಟ್ಟಿ. ನಡುವಿನದು ಒಂದು ಕೈ ತಿರುಗಿದರೂ ಇನ್ನೊಂದು ಕೈಗೆ ತಲುಪಲಿಲ್ಲ, ಆಮೇಲೆ ‘ಟಕ್’. ಟೊಪ್ಪಿಯ ಅಂಚಿನಲ್ಲಿ ಕುಂಕುಮ ಉದುರಿದ ಹಾಗೆ ಕೆಂಪು ತುಕ್ಕಿನ ಪುಡಿ.

ಮಾವ ಕೈ ಚಾಚಿ ತಾವೇ ಒಂದು ಸಲ ತಿರುಚಿದರು. “ಇದೇ. ಇದೇ ಸದ್ದು.” ಆಮೇಲೆ ಸುಮಾರು ಹೊತ್ತು ಅಲ್ಲೇ ಮಲಗಿಕೊಂಡು, ಬೇಕಂತಲೇ ಟಕ್ ಟಕ್ ಮಾಡುತ್ತಿದ್ದರು. ದುಡ್ಡು ಉಳಿದ ಖುಷಿ ಅದಲ್ಲ ಅಂತ ನನಗೆ ಗೊತ್ತಿತ್ತು.

ಪೇಟೆಯಲ್ಲಿ ಒಬ್ಬ ಹಳೇ ಮೇಸ್ತ್ರಿ ಶಾಫ್ಟು ಬಿಚ್ಚಿದರು. ಬಿಚ್ಚೋಕೆ ಮುಂಚೆ ಎರಡೂ ತುಂಡಿನ ಮೇಲೆ ಬಿಳಿ ಬಣ್ಣದಲ್ಲಿ ಒಂದು ಗೆರೆ ಎಳೆದರು. ಆ ಗೆರೆಯ ಹಿಂದೆ ಇಡೀ ಒಂದು ಪಾಠ ಇದೆ. ಈ ಜಾಯಿಂಟನ್ನ ನಾವು ಕಾಲೇಜಿನಲ್ಲಿ ಹುಕ್ಸ್ ಜಾಯಿಂಟ್ ಅಂತ ಓದಿದ್ದು, 17ನೇ ಶತಮಾನದ ರಾಬರ್ಟ್ ಹುಕ್ ಹೆಸರಿನಲ್ಲಿ (ಸ್ಪ್ರಿಂಗಿನ ನಿಯಮದ ಹುಕ್ ಕೂಡ ಇವನೇ). 10 ಡಿಗ್ರಿ ಕೋನದಲ್ಲಿ ಅದು ತಿರುಗಿದರೆ, ಈ ಕಡೆ ಒಂದೇ ವೇಗ ಇದ್ದರೂ ಆ ಕಡೆ ಪ್ರತಿ ಸುತ್ತಿಗೆ ಎರಡು ಸಲ ಶೇ. 1.5ರಷ್ಟು ಹೆಚ್ಚು ಕಮ್ಮಿ ಆಗುತ್ತೆ. ಒಂದು ಜಾಯಿಂಟಿನ ಈ ಏರಿಳಿತವನ್ನ ಇನ್ನೊಂದು ಸರಿದೂಗಿಸಬೇಕು, ಅದಕ್ಕೆ ಕವಲುಗಳು ಮೊದಲಿದ್ದ ಸಾಲಿನಲ್ಲೇ ಕೂರಬೇಕು. ನಾನು ಲೆಕ್ಕ ಹಾಕಿ ಕಲಿತಿದ್ದನ್ನ ಮೇಸ್ತ್ರಿ ಒಂದು ಗೆರೆಯಲ್ಲಿ ಮುಗಿಸಿದರು.

ಟೊಪ್ಪಿ ತೆಗೆದರೆ ಒಳಗೆ ಗ್ರೀಸೇ ಇಲ್ಲ. ಸೂಜಿಗಳು ಒತ್ತಿ ಒತ್ತಿ ಕ್ರಾಸಿನ ಮೇಲೆ ಗೀರು ಬಿದ್ದಿದ್ದವು. ನಡುವಿನ ಕ್ರಾಸಿನ ಗ್ರೀಸ್ ನಿಪ್ಪಲ್ಲು ಸೆಂಟರ್ ಬೇರಿಂಗಿನ ಮರೆಯಲ್ಲಿತ್ತು. ಶಾಫ್ಟನ್ನ ಸ್ವಲ್ಪ ತಿರುಗಿಸಿದರೆ ಮಾತ್ರ ಗನ್ನು ತಲುಪುತ್ತೆ. ಅಷ್ಟು ಮಾಡೋ ತಾಳ್ಮೆ ಸರ್ವಿಸ್ ಮಾಡಿದವರಿಗೆ ಇರಲಿಲ್ಲ ಅಂತ ಕಾಣುತ್ತೆ. ಹೊಸ ಕ್ರಾಸು, ಕೂಲಿ ಎಲ್ಲಾ ಸೇರಿ 1,850 ರೂಪಾಯಿ. “ಇನ್ನೂ ಓಡಿಸಿದ್ದರೆ ಲೋಡು ಇರುವಾಗ ಮುರಿದು ಶಾಫ್ಟು ರಸ್ತೆಗೆ ಬೀಳ್ತಿತ್ತು” ಅಂದರು ಮೇಸ್ತ್ರಿ. ತಿಪಟೂರು-ತುಮಕೂರು ರಸ್ತೆಯಲ್ಲಿ ರಾತ್ರಿ ಹೊತ್ತು ಹಾಗಾಗಿದ್ದರೆ ಅಂತ ನೆನೆಸಿಕೊಂಡರೆ ಈಗಲೂ ಎದೆ ಝಲ್ಲೆನ್ನುತ್ತೆ.

ಆಫೀಸಿನಲ್ಲೂ ಇದೇ ಕಥೆ. ಬಳಸುವವರು “ಏನೋ ಸರಿ ಇಲ್ಲ” ಅಂತ ಬರೆದರೆ ನಾವು ಮುಸಿಮುಸಿ ನಗುತ್ತೇವೆ. ಯಾವಾಗ ಆಯ್ತು, ಅದಕ್ಕೆ ಮುಂಚೆ ಏನು ಮಾಡಿದಿರಿ ಅಂತ ಕೇಳಿದರೆ ಅವರಿಗೆ ಎಲ್ಲಾ ಗೊತ್ತಿರುತ್ತೆ. ದಿನಾ ಗಾಡಿ ಓಡಿಸುವವನ ಕಿವಿಗಿಂತ ದೊಡ್ಡ ಮೀಟರು ಯಾವ ಗ್ಯಾರೇಜಿನಲ್ಲೂ ಇಲ್ಲ, ಮಂದ ಕಿವಿ ಆದರೂ ಸರಿ.

ಮಾವ ಪ್ರತಿ ಅಮಾವಾಸ್ಯೆಗೆ ಗಾಡಿ ತೊಳೆದು ನಿಂಬೆಹಣ್ಣು ಕಟ್ಟುತ್ತಾರೆ. ಈಗ ಅವತ್ತೇ ಗಾಡಿ ಕೆಳಗೂ ಹೋಗಿ, ಶಾಫ್ಟು ತಿರುಗಿಸಿ, ಮೂರೂ ಕ್ರಾಸಿಗೆ ಗ್ರೀಸು ಹೊಡೀತಾರಂತೆ. ಅತ್ತೆ ಹೇಳಿದ್ದು.