ಕುಂದಾ

ಬೆಳಗಾವಿಯಲ್ಲಿ ಕುಂದಾ ಎಂದರೆ ಬಾಯಲ್ಲಿ ನೀರೂರಬೇಕು. ಬಂದೂಕು ರಿಪೇರಿಯ ಚಾಚಾ "ಕುಂದಾ ಬದಲಿ ಮಾಡ್ಯಾರ, ಛಲೋತ್ನ್ಯಾಗ ಕೂಡಿಸಿಲ್ಲ" ಎಂದಾಗ ನಾನು ಕಣ್ಣು ಕಣ್ಣು ಬಿಟ್ಟೆ. ಅವರ ಉರ್ದುವಿನಲ್ಲಿ ಬಂದೂಕಿನ ಉಕ್ಕನ್ನು ಹೊತ್ತು ಭುಜಕ್ಕೆ ಆನುವ ಆ ಮೈಗೂ ಕುಂದಾ ಎಂದೇ ಹೆಸರಂತೆ.

ನಮ್ಮ ಕಡೆ ಬಂದೂಕಿನ ಮಾತು ಹೊಸದಲ್ಲ. 1857ರಲ್ಲಿ ಸರಕಾರ ಆಯುಧ ಒಪ್ಪಿಸಿರೆಂದಾಗ ಒಲ್ಲೆವೆಂದ ಹಲಗಲಿ ಬೇಡರ ಲಾವಣಿಯನ್ನು ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಆದರೆ ನಮ್ಮ ಮನೆಯ ಹುಡುಗಿ ರೈಫಲ್ ಹಿಡಿದಳೆಂದಾಗ ಬೀಳಗಿಯ ನಮ್ಮ ಓಣಿಗೆ ಓಣಿಯೇ ಮೂಗಿನ ಮೇಲೆ ಬೆರಳಿಟ್ಟಿತು.

ಹುಡುಗಿ ನನ್ನ ತಂಗಿಯ ಮಗಳು. ಕಾಲೇಜಿಗೆಂದು ಬೆಳಗಾವಿಗೆ ಹೋದವಳು ಎನ್.ಸಿ.ಸಿ.ಯಲ್ಲಿ ರುಚಿ ಹತ್ತಿ ಅಲ್ಲಿಯ ಒಂದು ಕ್ಲಬ್ಬು ಸೇರಿದಳು. ಗುರಿ 50 ಮೀಟರ್ ದೂರ. ನಡುವಿನ 10 ಅಂಕದ ವೃತ್ತದ ಅಗಲ 10.4 ಮಿಲಿಮೀಟರ್, ಒಂದು ಕಡಲೆಕಾಳಿನಷ್ಟು! ಎರಡು ವರ್ಷ ಚೆನ್ನಾಗಿ ಹೊಡೆದಳು. ಆಮೇಲೆ ಗುಂಡು ಒಮ್ಮೆ ಎಡಕ್ಕೆ, ಒಮ್ಮೆ ಮೇಲಕ್ಕೆ. ಕಲಿಸುವವರು "ನಿನ್ನ ಕೈ ನಡುಗುತ್ತದೆ" ಎಂದುಬಿಟ್ಟರು. ತಂಗಿಯ ಗಂಡನಿಗೆ ಅಷ್ಟೇ ಬೇಕಾಗಿತ್ತು. ಬನಹಟ್ಟಿಯ ಸಂಬಂಧವೊಂದು ಕಾದು ಕೂತಿತ್ತು. "ಸಾಕ್ರಿ ಅಕ್ಕಾರ, ನಾಕು ಅಕ್ಕಿಕಾಳು ಹಾಕಿಬಿಡೂಣು" ಎಂದರು. ಇದೇ 50 ಮೀಟರ್ ರೈಫಲ್ ಸ್ಪರ್ಧೆಯಲ್ಲಿ, 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ, ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಲೆ ಕಂಚು ಗೆದ್ದಾಗ "ನಮ್ಮ ಮಗ್ಗಲ ಊರಾಂವ" ಎಂದು ಪೇಢೆ ಹಂಚಿದವರು ಇವರೇ.

ಹುಡುಗಿ ಅಳಲಿಲ್ಲ. "ದೊಡ್ಡವ್ವಾ, ಇಲ್ನೋಡು" ಎಂದು ತುಂಬಿದ ಚಹಾದ ಕಪ್ಪನ್ನು ಅಂಗೈ ಮೇಲಿಟ್ಟು ಚಾಚಿದಳು. ಚಹಾ ಅಲುಗಲಿಲ್ಲ. ಎಷ್ಟೋ ವರ್ಷ ಮಕ್ಕಳ ಕೈ ನೋಡುತ್ತ ಬಂದವಳು ನಾನು. ಕೈಯ ದೋಷ ಯಾವುದು, ಪೆನ್ನಿನ ದೋಷ ಯಾವುದು ಎಂದು ತಿಳಿಯುತ್ತದೆ. ಮದುವೆಯ ಮಾತು ಒಂದು ತಿಂಗಳು ತಡೆಯಿರಿ ಎಂದೆ. ಮೇ ರಜೆಯಲ್ಲಿ ಕ್ಲಬ್ಬಿನ ಕಾರ್ಯದರ್ಶಿಯವರ ಜೊತೆ, ಪರವಾನಗಿಯುಳ್ಳ ಆ ಚಾಚಾನ ಅಂಗಡಿ ಮೆಟ್ಟಿಲು ಹತ್ತಿದೆವು.

ಸಂಗತಿ ಇಷ್ಟು. ಮೊದಲಿನ ಮರದ ಕುಂದಾ ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಸೀಳಿತ್ತು. ಶ್ರಾವಣದಲ್ಲಿ ನಮ್ಮ ಬಾಗಿಲುಗಳು ಮುಚ್ಚಲೊಲ್ಲೆವೆಂದು ಹಟ ಹಿಡಿಯುವುದಿಲ್ಲವೆ, ಅದೇ ಜಾತಿಯ ರೋಗ. ಬದಲಿಗೆ ಫೈಬರಿನದು ಹಾಕಿದ್ದರು. ಅದು ನೀರಿಗೆ ಉಬ್ಬದು, ನಿಜ. ಆದರೆ ಅಚ್ಚಿನಲ್ಲಿ ತೆಗೆದದ್ದು. ಗುಂಡು ತುಂಬುವ ಉಕ್ಕಿನ ಭಾಗ ಅದರಲ್ಲಿ ಮೈಯೂರಿ ಕೂತಿರಲಿಲ್ಲ. ಒಂದು ಕಾಲು ಗಿಡ್ಡಾದ ಮಂಚದ ಹಾಗೆ! ತಿರುಪು ಬಿಗಿದರೆ ಉಕ್ಕು ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಒಂದೊಂದು ಗುಂಡಿಗೂ ಒಂದೊಂದು ಕಡೆ ಸರಿದು ಕೂಡುತ್ತದೆ. ಬೈಸಿಕೊಂಡದ್ದು ಮಾತ್ರ ಹುಡುಗಿಯ ಕೈ.

ಮದ್ದು ಇಪಾಕ್ಸಿ, ನಾವು ಅರಾಲ್ಡೈಟ್ ಎನ್ನುತ್ತೇವಲ್ಲ, ಆ ಜಾತಿಯ ಎರಡು ಭಾಗದ ಅಂಟು. ಚಾಚಾ ಕುಂದಾದ ಒಳಮೈಯನ್ನು ಕೆರೆದು ಒರಟು ಮಾಡಿದರು. ತಿರುಪಿನ ತೂತುಗಳಿಗೆ ಮಣ್ಣಿನ ಉಂಡೆ ಒತ್ತಿದರು. ಉಕ್ಕಿಗೆಲ್ಲ ಮೇಣ ಸವರಿದರು, ತಾಟಿಗೆ ತುಪ್ಪ ಸವರಿ ಬರ್ಫಿ ಹೊಯ್ಯುವಂತೆ. ಮೇಣ ತಪ್ಪಿದರೆ ಎರಡೂ ಜನ್ಮಕ್ಕೆ ಅಂಟಿದಂತೆಯೇ. ಅಂಟಿನ ಮೇಲೆ ಉಕ್ಕನ್ನಿಟ್ಟು ತಿರುಪನ್ನು ಬರೇ ಹಿಡಿಯುವಷ್ಟು ತಿರುವಿದರು. ಬಿಗಿದರೆ ಬಾಗಿದ ಹಾಗೆಯೇ ಗಟ್ಟಿಯಾಗುತ್ತದೆ. ಒಂದು ಹಗಲು ಒಂದು ರಾತ್ರಿ ಬಿಟ್ಟು ಮೆಲ್ಲಗೆ ಬಡಿದು ಬಿಡಿಸಿದಾಗ ಒಳಗೆ ಉಕ್ಕಿನ ಪಡಿಯಚ್ಚು ಮೂಡಿತ್ತು. ಕೊನೆಗೆ ನಳಿಗೆಯ ಕೆಳಗೆ ಹತ್ತರ ನೋಟು ತೂರಿಸಿ ಎಳೆದರು. ಸಲೀಸಾಗಿ ಓಡಿತು. ನಳಿಗೆ ಎಲ್ಲಿಯೂ ತಾಗಬಾರದಂತೆ.

ಮರುವಾರ ಅವಳು ಹೊಡೆದ ಐದು ತೂತುಗಳು ಒಂದು ಎಂಟಾಣೆಯ ಕೆಳಗೆ ಮುಚ್ಚಿದವು. ಆ ಕಾಗದವನ್ನು ಅವರಪ್ಪ ತಿರುವಿ ಮುರುವಿ ನೋಡಿದರು, ಏನೂ ಅನ್ನಲಿಲ್ಲ. ಬನಹಟ್ಟಿಯವರಿಗೆ ಮಾತ್ರ ನೀವೇ ಹೇಳ್ರಿ ಅಕ್ಕಾರ ಎಂದರು. ಹುಡುಗಿಗೆ ಪಂದ್ಯವಿದೆ, ಈಗಲೇ ಆಗದು ಎಂದು ಫೋನಿನಲ್ಲಿ ಹೇಳಿದೆ. "ಖೋಖೋ ಏನ್ರಿ?" ಎಂದು ಕೇಳಿದರು.